ಗ್ಯಾಸ್ ವಾಸನೆ ಮನೆಯೊಳಗಿದ್ದವರಿಗೆ ಏಕೆ ತಿಳಿಯುವುದಿಲ್ಲ?

ಹೊರಗಿನಿಂದ ಬಂದವರು ಬಾಗಿಲಲ್ಲೇ "ಏನಿದು ಗ್ಯಾಸ್ ವಾಸನೆ?" ಎಂದು ಕೇಳುತ್ತಾರೆ. ಬೆಳಗಿನಿಂದ ಅಡುಗೆಮನೆಯಲ್ಲೇ ಇದ್ದವರಿಗೆ ಅದರ ಸುಳಿವೇ ಇರುವುದಿಲ್ಲ. ಇದನ್ನು ಅಜಾಗರೂಕತೆ ಎಂದು ದೂರುವುದು ಸರಿಯಲ್ಲ. ಮೂಗಿನ ಗುಣವೇ ಹಾಗೆ.

ನಮ್ಮ ಇಂದ್ರಿಯಗಳು ತಕ್ಕಡಿಯಂತೆ ಲೆಕ್ಕ ಒಪ್ಪಿಸುವುದಿಲ್ಲ. ಮೊದಲಿಗಿಂತ ಎಷ್ಟು ಬದಲಾಯಿತು ಎಂಬುದೇ ಅವಕ್ಕೆ ಮುಖ್ಯ. ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ಶರೀರಶಾಸ್ತ್ರಜ್ಞ ಅರ್ನ್ಸ್ಟ್ ವೆಬರ್ ಜನರ ಕೈಗೆ ತೂಕಗಳನ್ನು ಕೊಟ್ಟು ಪರೀಕ್ಷಿಸಿ 1834ರಲ್ಲಿ ಇದನ್ನು ಬರೆದಿಟ್ಟರು. ಎತ್ತಿದ ಭಾರದ ಸುಮಾರು 40ನೇ ಒಂದು ಭಾಗದಷ್ಟು ಹೆಚ್ಚಾದರೆ ಮಾತ್ರ ಕೈಗೆ ವ್ಯತ್ಯಾಸ ತಿಳಿಯುತ್ತದೆ. ಅಂದರೆ 1 ಕಿಲೋ ಸಕ್ಕರೆಗೆ 25 ಗ್ರಾಂ ಸೇರಿಸಿದರೆ ಗೊತ್ತಾದೀತು. 10 ಕಿಲೋ ಅಕ್ಕಿಗೆ ಅಷ್ಟೇ ಸೇರಿಸಿದರೆ ಗೊತ್ತಾಗದು, ಅಲ್ಲಿ ಕಾಲು ಕಿಲೋ ಬೇಕು. (ಸಂತೆಯಲ್ಲಿ ಕೈಯಲ್ಲೇ ತೂಗಿ ನೋಡುವವರು ಗಮನಿಸಬೇಕು!) ಬೆಳಕಿನದೂ ಇದೇ ಕಥೆ. ಕತ್ತಲ ಕೋಣೆಯಲ್ಲಿ ಒಂದು ಹಣತೆ ದೊಡ್ಡ ಬೆಳಕು, ನಡುಮಧ್ಯಾಹ್ನದ ಅಂಗಳದಲ್ಲಿ ಅದು ಇದ್ದೂ ಇಲ್ಲದಂತೆ.

ಇದರ ಜೊತೆಗೆ ಇನ್ನೊಂದು ಗುಣವಿದೆ. ಒಂದೇ ಸಮನೆ ಇರುವುದನ್ನು ಇಂದ್ರಿಯಗಳು ಬೇಗ ಮರೆತುಬಿಡುತ್ತವೆ. ಕೈಗೆ ಕಟ್ಟಿದ ಗಡಿಯಾರ, ಉಟ್ಟ ಬಟ್ಟೆ ನೆನಪಿಗೇ ಬರುವುದಿಲ್ಲ. ಮೀನು ಮಾರುಕಟ್ಟೆಗೆ ಕಾಲಿಟ್ಟಾಗ ಹೊಡೆಯುವ ವಾಸನೆ ಕೆಲವೇ ನಿಮಿಷಗಳಲ್ಲಿ ಕಡಿಮೆಯಾದಂತೆ ತೋರುತ್ತದೆ. ಮೀನೂ ಅಲ್ಲೇ, ವಾಸನೆಯೂ ಅಲ್ಲೇ, ಒಗ್ಗಿಕೊಂಡದ್ದು ಮೂಗು. ಹೊಸದನ್ನು ಗುರುತಿಸಲು ಇದು ಒಳ್ಳೆಯ ಏರ್ಪಾಡೇ. ಅಡುಗೆಮನೆಯಲ್ಲಿ ಮಾತ್ರ ಇದೇ ಮುಳುವಾಗುತ್ತದೆ.

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿಕೆ ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಒಮ್ಮೆಲೇ ಸೋರಿದರೆ ಮೂಗು ಕೂಗಿ ಹೇಳುತ್ತದೆ. ಹಳೆಯ ರಬ್ಬರ್ ಪೈಪಿನಿಂದ ಇಷ್ಟಿಷ್ಟೇ ಸೋರಿದರೆ ವಾಸನೆ ಏರಿದಂತೆ ಮೂಗೂ ಒಗ್ಗುತ್ತಾ ಹೋಗುತ್ತದೆ. ನೆಗಡಿಯಾದವರಿಗೆ, ವಯಸ್ಸಾದವರಿಗೆ ಇನ್ನೂ ಕಷ್ಟ. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. "ಆಗ ಸ್ವಲ್ಪ ಬಂತು, ಈಗಿಲ್ಲ" ಎಂದು ಒಲೆ ಹಚ್ಚುವುದು ಅಪಾಯ.

ಆದ್ದರಿಂದ ಹೊರಗಿನಿಂದ ಬಂದವರ ಮೂಗನ್ನು ನಂಬಿ, ಶಾಲೆ ಬಿಟ್ಟು ಬಂದ ಮಗು ಹೇಳಿದರೂ ಸರಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಲೈಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಎಲ್ಲರೂ ಹೊರಗೆ ಬಂದ ಮೇಲೆಯೇ 1906ಕ್ಕೆ ಫೋನ್ ಮಾಡಿ. ಗಡಿಯ ಈಚೆಗೂ ಆಚೆಗೂ ಅದೇ ನಂಬರ್.