ಒಂದು ವಾಕ್ಯ ತಿದ್ದುವುದು ಹೇಗೆ?

ಪ್ರಬಂಧ ಬರೆಯೋಕೆ ಕೂತಾಗ ನಮಗೆಲ್ಲ ಒಂದು ಕಷ್ಟ ಇದ್ದೇ ಇರುತ್ತೆ. ಹೇಳಬೇಕಾದ್ದು ಗೊತ್ತು, ವಾಕ್ಯವೂ ಬಂತು, ಆದರೆ ಓದಿದರೆ ಯಾಕೋ ಸಪ್ಪೆ. ಆಗ ಎಲ್ಲಿಂದಲೋ ಒಂದು ದೊಡ್ಡ ಸಂಸ್ಕೃತ ಪದ ತಂದು ತುರುಕುತ್ತೇವೆ. ವಾಕ್ಯ ಭಾರವಾಗುತ್ತೆ ಅಷ್ಟೇ, ಚೆಂದ ಆಗಲ್ಲ.

ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಗೆ ನಾನು ನಮ್ಮೂರ ಕೆರೆಯ ಬಗ್ಗೆ ಬರೆದಿದ್ದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು:

“ಕೆರೆಯ ನೀರಿನ ಹಂಚಿಕೆಯನ್ನು ವ್ಯವಸ್ಥಿತವಾಗಿ ಮಾಡಲಾಗುತ್ತಿತ್ತು ಮತ್ತು ಅದರ ನಿರ್ವಹಣೆಯು ಗ್ರಾಮಸ್ಥರಿಂದ ನಡೆಸಲ್ಪಡುತ್ತಿತ್ತು.”

ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಇದ್ರಲ್ಲಿ ನಿಮ್ಮ ತಾತ ಎಲ್ಲವ್ರೆ?” ತಾತ ನಮ್ಮೂರ ನೀರಗಂಟಿ ಆಗಿದ್ದವರು. ನಲವತ್ತು ವರ್ಷ ಅವರು ಮಾಡಿದ ಕೆಲಸದ ಬಗ್ಗೆಯೇ ಬರೆದಿದ್ದೆ, ಅವರೇ ಅದರಲ್ಲಿ ಇರಲಿಲ್ಲ. ಆ ವಾಕ್ಯವನ್ನು ತಿದ್ದುವಾಗ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

1. ಯಾರು ಮಾಡಿದ್ದು?

‘ಮಾಡಲಾಯಿತು’, ‘ನಡೆಸಲ್ಪಟ್ಟಿತು’ ಎಂದರೆ ಮಾಡಿದವರು ಮರೆಯಾಗುತ್ತಾರೆ. ನಮಗೆ ಇದು ಲ್ಯಾಬ್ ರೆಕಾರ್ಡ್ ಬರೆದು ಬರೆದು ಬಂದ ಅಭ್ಯಾಸ. ದ್ರಾವಣವನ್ನು ಯಾರು ಕಾಯಿಸಿದರು ಅನ್ನೋದು ಅಲ್ಲಿ ಮುಖ್ಯ ಅಲ್ಲ, ಹಾಗಾಗಿ ‘ಕಾಯಿಸಲಾಯಿತು’ ಸರಿ. ಪ್ರಬಂಧದಲ್ಲಿ ಮನುಷ್ಯರು ಮುಖ್ಯ. ಅವರನ್ನು ವಾಕ್ಯದ ಮುಂದಕ್ಕೆ ತನ್ನಿ.

2. ‘ಮಾಡು’ ಬಿಟ್ಟರೆ ಬೇರೆ ಕ್ರಿಯಾಪದ ಇದೆಯಾ?

‘ಹಂಚಿಕೆ ಮಾಡು’ ಬದಲು ‘ಹಂಚು’, ‘ಸಂಗ್ರಹಣೆ ಮಾಡು’ ಬದಲು ‘ಕೂಡಿಡು’. ‘ನಿರ್ವಹಣೆ’ಯಂಥ ಪದ ಬಂದರೆ, ನಿಜವಾಗಿ ಏನು ನಡೆಯುತ್ತಿತ್ತು ಅಂತ ಕೇಳಿಕೊಳ್ಳಿ. ನಮ್ಮೂರಲ್ಲಿ ಹೂಳು ಎತ್ತುತ್ತಿದ್ದರು, ಏರಿಗೆ ಮಣ್ಣು ಹಾಕುತ್ತಿದ್ದರು. ಅದನ್ನೇ ಬರೆದರೆ ಓದುವವರಿಗೆ ಕಣ್ಣಿಗೆ ಕಾಣುತ್ತೆ.

3. ಆ ಕೆಲಸದವರು ಬಳಸುವ ಪದ ಯಾವುದು?

ಕೆರೆಯ ಒಡ್ಡಿಗೆ ‘ಏರಿ’, ನೀರು ಬಿಡುವ ಕಂಡಿಗೆ ‘ತೂಬು’, ತುಂಬಿದ ಮೇಲೆ ಹೆಚ್ಚಾದ ನೀರು ಹೊರಹೋಗುವ ಜಾಗಕ್ಕೆ ‘ಕೋಡಿ’. ಸಿವಿಲ್‌ನವರು ಇವನ್ನೇ ಇಂಗ್ಲಿಷಿನಲ್ಲಿ ಓದ್ತಾರೆ. ನಾವು ‘ನಿಯಂತ್ರಣ ದ್ವಾರ’ ಅಂತೆಲ್ಲ ಹೊಸದಾಗಿ ಕಟ್ಟಬೇಕಾಗಿಲ್ಲ. ಹಾಗಂತ ಬಸ್ಸು, ಪಂಪು, ಮೋಟರಿಗೆ ಕನ್ನಡ ಹುಡುಕುತ್ತಾ ಕೂರೋದೂ ಬೇಡ.

4. ಸಮಾನಾರ್ಥಕ ಪದ ನಿಜವಾಗಿಯೂ ಸಮಾನವಾ?

ಏರಿಯಲ್ಲಿ ನೀರು ‘ಜಿನುಗುವುದು’ ಬೇರೆ, ‘ಸೋರುವುದು’ ಬೇರೆ. ಜಿನುಗಿದರೆ ಕಣ್ಣಿಡಬೇಕು, ಸೋರಿದರೆ ಓಡಬೇಕು. ಹಾಗೇ ‘ಸತ್ತ’, ‘ತೀರಿಕೊಂಡರು’, ‘ನಿಧನರಾದರು’ ಮೂರರ ಅರ್ಥ ಒಂದೇ ಆದರೂ ಮನೆಯವರ ಬಗ್ಗೆ ಮಾತಾಡುವಾಗ ನಾವು ‘ತೀರಿಕೊಂಡರು’ ಅಂತೀವಿ. ‘ನಿಧನರಾದರು’ ಪೇಪರಿನ ಮಾತು.

ಅನುಮಾನ ಬಂದರೆ ನಿಘಂಟು ನೋಡಿ. 1894ರಲ್ಲಿ ಬಂದ ಕಿಟೆಲ್ ನಿಘಂಟು, ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇವೆ. ಮೊಬೈಲಿನಲ್ಲೇ ನೋಡೋಕೆ ‘ಅಲರ್’ ಇದೆ. ಪದಗಳ ಸೂಕ್ಷ್ಮ ತಿಳಿಯಬೇಕು ಅಂದ್ರೆ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ತಿರುವಿಹಾಕಿ. ಆದರೆ ನಿಘಂಟಿನಲ್ಲಿ ಸಿಕ್ಕ ಪದವನ್ನು ಹಾಗೇ ಹಾಕಬೇಡಿ. ವಾಕ್ಯದಲ್ಲಿಟ್ಟು ಒಮ್ಮೆ ಜೋರಾಗಿ ಓದಿ. ನಾಲಿಗೆ ತಡವರಿಸಿದರೆ ಪದ ಸರಿಯಾಗಿ ಕೂತಿಲ್ಲ ಅಂತ ಅರ್ಥ.

ಕೊನೆಗೆ ನನ್ನ ವಾಕ್ಯ ಹೀಗಾಯ್ತು:

“ನೀರಗಂಟಿಯಾಗಿದ್ದ ನಮ್ಮ ತಾತ ತೂಬು ತೆಗೆದು, ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡುತ್ತಿದ್ದರು. ಬೇಸಿಗೆಯಲ್ಲಿ ಊರವರೆಲ್ಲ ಸೇರಿ ಹೂಳು ಎತ್ತುತ್ತಿದ್ದರು.”

ಒಂದು ವಾಕ್ಯ ಎರಡಾಯ್ತು, ‘ವ್ಯವಸ್ಥಿತವಾಗಿ’ ಹೋಯ್ತು. ‘ಸರದಿ ಪ್ರಕಾರ’ ಅಂದಮೇಲೆ ಅದರ ಅಗತ್ಯ ಇರಲಿಲ್ಲ. ಅಜ್ಜಿಗೆ ಮತ್ತೆ ಓದಿ ಹೇಳಿದೆ. “ಹ್ಞೂಂ, ಈಗ ಸರಿ” ಅಂದರು.

ನೀವೂ ಬರೆದಿಟ್ಟ ಯಾವುದಾದರೂ ಪ್ರಬಂಧದಿಂದ ಒಂದೇ ಒಂದು ವಾಕ್ಯ ತೆಗೆದುಕೊಂಡು ಈ ನಾಲ್ಕು ಪ್ರಶ್ನೆ ಕೇಳಿ ನೋಡಿ.