ಡಫಿ-ಬಂಧಕ ಪ್ರೋಟೀನಿನ ರಚನೆ: ಒಂದು ಪರಿಚಯ

ಮಲೇರಿಯಾದ ಪರೋಪಜೀವಿಯು ಮನುಷ್ಯನ ಕೆಂಪು ರಕ್ತಕಣವನ್ನು ಮನಬಂದಂತೆ ಭೇದಿಸಲಾರದು. ಅದರ ಮೇಲ್ಮೈಯ ಪ್ರೋಟೀನು ರಕ್ತಕಣದ ಪೊರೆಯಲ್ಲಿರುವ ಗ್ರಾಹಕವನ್ನು ಗುರುತಿಸಿ ಹಿಡಿದ ಮೇಲೆಯೇ ಒಳದಾರಿ ತೆರೆಯುತ್ತದೆ. ಪ್ಲಾಸ್ಮೋಡಿಯಂ ವೈವ್ಯಾಕ್ಸ್ ಪ್ರಭೇದಕ್ಕೆ ಅಂಥ ಮುಖ್ಯ ಗ್ರಾಹಕವೆಂದರೆ ಡಫಿ ಪ್ರತಿಜನಕ. ಇದು ಇಲ್ಲದವರಲ್ಲಿ ವೈವ್ಯಾಕ್ಸ್ ಸೋಂಕಿಗೆ ಪ್ರತಿರೋಧವಿರುವುದನ್ನು ಲೂಯಿಸ್ ಮಿಲ್ಲರ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು.

ಡಫಿ-ಬಂಧಕ ಪ್ರೋಟೀನು ದೀರ್ಘವಾದುದು; ಆದರೆ ಹಿಡಿಯುವ ಕಾರ್ಯ ಅದರ ಎರಡನೆಯ ವಲಯದ್ದು. ಆ ವಲಯದ 12 ಸಿಸ್ಟೀನುಗಳು ಜೋಡಿಗೂಡಿ ಕಟ್ಟುವ 6 ಗಂಧಕ ಸೇತುವೆಗಳು ಆಲ್ಫಾ ಸುರುಳಿಗಳ ಮಡಿಕೆಯನ್ನು ಬಿಗಿಯಾಗಿರಿಸುತ್ತವೆ. ಸಮೀಪದ ಬಂಧುವಾದ ನೋಲೆಸಿ ಪ್ರಭೇದದಲ್ಲಿ ಇದಕ್ಕೆ ಸಂವಾದಿಯಾದ ವಲಯದ ಸ್ಫಟಿಕ ರಚನೆಯನ್ನು ದೆಹಲಿಯ ಅಮಿತ್ ಶರ್ಮ, ಚೇತನ್ ಚಿಟ್ನಿಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಮೂರು ಉಪವಲಯಗಳ ವಿನ್ಯಾಸ ಅದರಿಂದ ಸ್ಪಷ್ಟವಾಯಿತು. ಗ್ರಾಹಕವನ್ನು ಹಿಡಿಯುವಾಗ ಎರಡು ಪ್ರೋಟೀನುಗಳು ಜೊತೆಗೂಡುವುದು 2011ರ ವೈವ್ಯಾಕ್ಸ್ ಅಧ್ಯಯನದಿಂದ ತಿಳಿಯಿತು.

ಈ ರಚನೆಯ ಅರಿವು ಕೇವಲ ಕುತೂಹಲದ ವಿಷಯವಲ್ಲ. ಹಿಡಿಯುವ ತಾಣವನ್ನು ಪ್ರತಿಕಾಯವೊಂದು ಮುಚ್ಚಿದರೆ ಪರೋಪಜೀವಿಯು ಹೊರಗೇ ಉಳಿಯುತ್ತದೆ. ಲಸಿಕೆಯ ಆಸೆ ನೆಲೆಸಿರುವುದು ಇಲ್ಲಿಯೇ. ಆದರೆ ಪ್ರೋಟೀನಿನ ಕೆಲವು ಭಾಗಗಳು ತಳಿಯಿಂದ ತಳಿಗೆ ಬದಲಾಗುವುದರಿಂದ ಒಂದಕ್ಕೆ ಒದಗುವ ಪ್ರತಿಕಾಯ ಇನ್ನೊಂದಕ್ಕೆ ಒದಗದಿರಬಹುದು. ಆದುದರಿಂದ ಬದಲಾಗದೆ ಉಳಿಯುವ ತಾಣಗಳನ್ನೇ ಲಸಿಕೆಯು ಗುರಿಯಾಗಿಸಬೇಕು. ಮಡಗಾಸ್ಕರಿನಲ್ಲಿ ಡಫಿರಹಿತರಿಗೂ ವೈವ್ಯಾಕ್ಸ್ ತಗುಲಿದುದು 2010ರಲ್ಲಿ ವರದಿಯಾಯಿತು. ಹೀಗಾಗಿ ಡಫಿಯನ್ನು ಮುಖ್ಯದ್ವಾರವೆಂದು ನಾವು ಕರೆಯಬಹುದೇ ಹೊರತು ಏಕೈಕ ದ್ವಾರವೆನ್ನಲಾಗದು.