ಹಾವು ಬರುವುದು ಮಲ್ಲಿಗೆ ಮೂಸಲಿಕ್ಕಲ್ಲ

ಭದ್ರಾ ನಾಲೆಯ ನೀರು ಹರಿಯುವ ತ್ಯಾವಣಿಗೆ ಸೀಮೆಯಲ್ಲಿ ಭತ್ತ, ಅಡಿಕೆ ಬಿಟ್ಟರೆ ಬೇರೆ ಗಿಡಕ್ಕೆ ಜಾಗ ಕಡಿಮೆ. ಮುಳ್ಳುಬೇಲಿ ಹೋಗಿ ಕಲ್ಲುಕಂಬ, ತಂತಿ ಬಂದಿವೆ. ಬದುವಿನ ಹುಲ್ಲಿಗೂ ಕಳೆನಾಶಕ ಬೀಳುತ್ತದೆ. ಉಳಿದಿರುವುದು ಮನೆಯ ಹಿತ್ತಲು. ಅಲ್ಲಿ ನಾಲ್ಕು ನಾಟಿ ಗಿಡ ಹಾಕಿ, ಒಂದು ಮೂಲೆಯನ್ನು ಅದರ ಪಾಡಿಗೆ ಬಿಡಿ, ಹಕ್ಕಿಗೆ ನೀರಿಡಿ ಎಂದರೆ ಉತ್ತರ ತಯಾರಿರುತ್ತದೆ: ಹಾವು ಬರ್ತತಿ, ಸೊಳ್ಳೆ ಆಗ್ತತಿ, ಹುಳ ಬೀಳ್ತತಿ. ಅದೂ ಸಾಲದಿದ್ದರೆ, "ನಮ್ಮ ಒಂದು ಹಿತ್ತಲಿಂದ ಏನಾಗ್ತತಿ ಬಿಡ್ರಿ." ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಅರ್ಧ ನಿಜದ ಕಾಟವೇ ಹೆಚ್ಚು.

"ಮಲ್ಲಿಗೆ, ಕೇದಿಗೆ ವಾಸನೆಗೆ ಹಾವು ಬರುತ್ತದೆ"

ಹಾವು ನಾಲಿಗೆ ಚಾಚಿ ವಾಸನೆ ಹಿಡಿಯುತ್ತದೆ ಎಂಬುದು ನಿಜ. ಆದರೆ ಅದು ಹುಡುಕುವುದು ಇಲಿ, ಕಪ್ಪೆ, ಹಲ್ಲಿಯ ಜಾಡನ್ನು, ಇಲ್ಲವೇ ತನ್ನ ಜೋಡಿಯನ್ನು. ಹೂವಿನಿಂದ ಅದಕ್ಕೆ ಆಗಬೇಕಾದದ್ದು ಏನೂ ಇಲ್ಲ. ಕೇದಿಗೆ ಮೆಳೆಯಲ್ಲಿ ಹಾವು ಕಂಡೆ ಎನ್ನುವ ಅಜ್ಜ ಸುಳ್ಳು ಹೇಳುತ್ತಿಲ್ಲ. ಮುಳ್ಳಿನ ಆ ಮೆಳೆಯ ಬುಡದಲ್ಲಿ ತಂಪಿರುತ್ತದೆ, ಇಲಿ ಬಿಲವಿರುತ್ತದೆ, ಕಪ್ಪೆ ಇರುತ್ತದೆ. ಒಂದೂ ಹೂ ಬಿಡದ ಮೆಳೆಯಾಗಿದ್ದರೂ ಹಾವು ಅಲ್ಲಿಗೆ ಬರುತ್ತಿತ್ತು. ಭತ್ತದ ಚೀಲ ಒಟ್ಟಿದ ಕೋಣೆ, ತಿಂಗಳುಗಟ್ಟಲೆ ಕದಲದ ಸೌದೆ ರಾಶಿ, ಮಿಕ್ಕ ಅನ್ನ ಚೆಲ್ಲುವ ಮೂಲೆ ಇವೇ ಹಾವಿಗೆ ನಿಜವಾದ ಕರೆಯೋಲೆ.

ಹಾಗೆಂದು ಹಾವಿನ ಭಯವನ್ನು ಹಗುರ ಮಾಡುವಂತಿಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂಬ ಅಂದಾಜಿದೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಆದೇಶ ಮಾಡಿತು. ಅದಕ್ಕೇ ಹೇಳುವುದು, ಮಲ್ಲಿಗೆ ಬಳ್ಳಿ ಕಡಿದು ನೆಮ್ಮದಿಯಾಗಿ ಮಲಗಬೇಡಿ. ಸೌದೆಯನ್ನು ಗೋಡೆಗೆ ಒರಗಿಸದೆ ನೆಲದಿಂದ ಎತ್ತರಕ್ಕೆ ಒಟ್ಟಿ. ಪೊದೆ ಬೆಳೆಯಲು ಬಿಡುವುದಾದರೆ ಹಿತ್ತಲ ತುದಿಯಲ್ಲಿ ಬಿಡಿ. ರಾತ್ರಿ ಬ್ಯಾಟರಿ ಇಲ್ಲದೆ ಹೊರಗೆ ಕಾಲಿಡಬೇಡಿ. ಕಚ್ಚಿದರೆ ಮಂತ್ರ, ನಾಟಿ ಔಷಧ ಎನ್ನದೆ ನೇರ ಆಸ್ಪತ್ರೆಗೆ ಹೋಗಿ.

ಇದರ ಜೊತೆಗೇ ಬರುವ ಇನ್ನೊಂದು ಕಥೆ ಕೇರೆಹಾವಿಗೂ ನಾಗರಹಾವಿಗೂ ನಂಟು ಎಂಬುದು. ಹೆಣೆದುಕೊಂಡು ಎದ್ದು ನಿಲ್ಲುವ ಎರಡು ಹಾವನ್ನು ಕಂಡವರು ಅದನ್ನು ಸರಸ ಎಂದುಕೊಳ್ಳುತ್ತಾರೆ. ಬಹುಪಾಲು ಅದು ಎರಡು ಗಂಡು ಕೇರೆಗಳ ಕುಸ್ತಿ. ನಾಗರಹಾವಿಗೆ ಕೇರೆ ಸಿಕ್ಕರೆ ಆಗುವುದು ಊಟ, ಸಂಸಾರವಲ್ಲ. ವಿಷವಿಲ್ಲದ, ಇಲಿ ತಿಂದು ಬದುಕುವ ಕೇರೆಯನ್ನು ಭತ್ತದ ಸೀಮೆಯವರೇ ಹೊಡೆದು ಕೊಲ್ಲುವುದು ನಷ್ಟದ ವ್ಯವಹಾರ. ಜನ ಅಪಶಕುನ ಎಂದು ಕಲ್ಲೆಸೆಯುವ, ಹಾಗೇ ಇಲಿ ತಿನ್ನುವ ಕಣಜಗೂಬೆಯ ಕಥೆಯೂ ಇದೇ.

"ನೀರಿಟ್ಟರೆ ಸೊಳ್ಳೆ"

ನೀರು ಹಾಗೇ ನಿಂತರೆ ಹೌದು. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಬೇಕು. ಹಕ್ಕಿಗೆ ಇಟ್ಟ ಮಣ್ಣಿನ ತಟ್ಟೆಯನ್ನು ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆದು ನೀರು ತುಂಬಿದರೆ ಒಂದು ಸೊಳ್ಳೆಯೂ ಹುಟ್ಟದು. ಉಜ್ಜುವುದು ಮುಖ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ನಮ್ಮ ಕಡೆ ಈಡಿಸ್‌ನ ದೊಡ್ಡ ತವರು ಹಕ್ಕಿಯ ತಟ್ಟೆಯಲ್ಲ, ಅಡಿಕೆ ಹಾಳೆ. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಹಾಳೆಯೊಳಗೆ ಬಗ್ಗಿ ನೋಡಿ, ದೋಣಿಯಂಥ ಅದರ ಹೊಟ್ಟೆಯಲ್ಲಿ ಒಂದು ಲೋಟ ನೀರು, ನೀರಿನಲ್ಲಿ ತಲೆಕೆಳಗಾಗಿ ನೇತುಬಿದ್ದ ಮರಿಗಳು ಸಿಗುತ್ತವೆ. ಹಳೇ ಟೈರು, ತೆಂಗಿನ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ ಇವೂ ಅದೇ ಸಾಲಿನವು. ಗುಬ್ಬಿಯ ನೀರು ಚೆಲ್ಲಿ ಹಾಳೆಯನ್ನು ಹಾಗೇ ಬಿಟ್ಟವರಿಗೆ ಏನು ಹೇಳೋಣ?

"ಹುಳ ಬಿದ್ದರೆ ಎಣ್ಣೆ ಹೊಡೆಯಬೇಕು"

ಎಣ್ಣೆ ಎಂದರೆ ಕೀಟನಾಶಕ; ಹೊಲದ ಈ ಅಭ್ಯಾಸ ಹಿತ್ತಲಿಗೂ ಬಂದಿದೆ. ಕರಿಬೇವಿನ ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂಥ ಕಂದು, ಬಿಳಿ ಮಚ್ಚೆಯ ಚೂರೊಂದು ಅಂಟಿರುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಆ ಹಿಕ್ಕೆ ಅಲ್ಲಾಡುತ್ತದೆ! ನಿಂಬೆ ಚಿಟ್ಟೆಯ ಮರಿ ಅದು. ಹಕ್ಕಿಯ ಕಣ್ಣು ತಪ್ಪಿಸಲು ಹಕ್ಕಿ ಹಿಕ್ಕೆಯದೇ ವೇಷ. ಬೆಳೆಯುತ್ತ ಎಲೆಯ ಹಸಿರಿಗೆ ತಿರುಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡೊಂದನ್ನು ಹೊರಗೆ ಚಾಚಿ ಕಟುವಾಸನೆ ಬಿಡುತ್ತದೆ. ಕರಿಬೇವು, ನಿಂಬೆ, ಬಿಲ್ವದಂಥ ಗಿಡಗಳೇ ಅದಕ್ಕೆ ಊಟ. ಬೇರೆ ಎಲೆ ಕೊಟ್ಟರೆ ಉಪವಾಸ ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ. ಎಕ್ಕದ ಗಿಡಕ್ಕೂ ಔಡಲಕ್ಕೂ ಹೀಗೇ ತಮ್ಮ ತಮ್ಮ ಚಿಟ್ಟೆಗಳಿವೆ. ಹತ್ತು ಎಲೆ ಕಳೆದುಕೊಂಡ ಕರಿಬೇವು ಮತ್ತೆ ಚಿಗುರುತ್ತದೆ. ಎಣ್ಣೆ ಬಿದ್ದ ಮರಿ ಚಿಟ್ಟೆಯಾಗುವುದಿಲ್ಲ, ಮತ್ತು ಆ ಎಣ್ಣೆ ಸಾರಿನ ಒಗ್ಗರಣೆಗೂ ಬರುತ್ತದೆ.

ಮರಿ ತನ್ನ ಗಿಡ ಬಿಟ್ಟು ಬೇರೆ ತಿನ್ನದ ಕಾರಣಕ್ಕೇ ನರ್ಸರಿಯಿಂದ ತಂದ ಶೋ ಗಿಡ ಎಷ್ಟು ಬಣ್ಣವಾಗಿದ್ದರೂ ಚಿಟ್ಟೆಯ ಸಂಸಾರಕ್ಕೆ ಆಗಿಬರುವುದಿಲ್ಲ. ಲಂಟಾನದ ಮೇಲೆ ಚಿಟ್ಟೆ ಮುತ್ತುತ್ತವಲ್ಲ ಎನ್ನಬಹುದು. ಅವು ಬರುವುದು ಮಕರಂದಕ್ಕೆ. 19ನೇ ಶತಮಾನದಲ್ಲಿ ಅಂದಕ್ಕೆಂದು ತಂದು ನೆಟ್ಟ ಆ ಗಿಡ ಇವತ್ತು ಕಾಡನ್ನೇ ನುಂಗುತ್ತಿದೆ, ಹಿತ್ತಲಿಗೆ ಬೇಡ. ತುಂಬೆ, ಒಂಟಿ ಸುತ್ತಿನ ದಾಸವಾಳ, ನುಗ್ಗೆ ಸಾಕು. ತುಳಸಿಯ ಕದಿರನ್ನು ಪೂರ್ತಿ ಚಿವುಟದೆ ನಾಲ್ಕು ಬಿಡಿ, ಸಣ್ಣ ಜೇನುಗಳ ಸಂತೆ ನೆರೆಯುತ್ತದೆ.

"ಜೇನುಪೆಟ್ಟಿಗೆ ಇಟ್ಟರೆ ಜೇನು ಉಳಿಸಿದಂತೆ"

ಪೆಟ್ಟಿಗೆಯಲ್ಲಿ ಸಾಕುವುದು ಮುಖ್ಯವಾಗಿ ತುಡುವೆಯನ್ನು. ಪ್ರಪಂಚದಲ್ಲಿ ಸುಮಾರು 20,000 ಜಾತಿಯ ಜೇನು, ದುಂಬಿಗಳಿವೆ. ಅವುಗಳಲ್ಲಿ ಬಹುಪಾಲು ಒಂಟಿ ಬಾಳಿನವು, ತುಪ್ಪ ಮಾಡುವುದಿಲ್ಲ, ತುಪ್ಪ ಸಿಗದ ಕಾರಣ ಯಾರೂ ಅವನ್ನು ಕೇಳುವುದಿಲ್ಲ. ಆದರೆ ಬದನೆ, ಟೊಮೇಟೊ ಹೂವಿನ ಪರಾಗ ಉದುರಬೇಕಾದರೆ ಹೂವನ್ನು ಹಿಡಿದು ಗುಂಯ್‌ಗುಡುತ್ತ ಅದುರಿಸಬೇಕು. ತುಡುವೆಗೆ ಆ ವಿದ್ಯೆ ಬರದು. ಮರ ಕೊರೆಯುವ ಕಪ್ಪು ದುಂಬಿಗೆ, ಹೊಟ್ಟೆಗೆ ನೀಲಿ ಪಟ್ಟೆ ಇರುವ ಪುಟ್ಟ ಜೇನಿಗೆ ಬರುತ್ತದೆ. ಕಪ್ಪು ದುಂಬಿಗೆ ಬೇಕಾದದ್ದು ಒಣಗಿದ ಬಿದಿರು, ಹಳೇ ತೊಲೆ. ನೀಲಿ ಪಟ್ಟೆಯದಕ್ಕೆ ಮಣ್ಣಿನ ಗೋಡೆ ಅಥವಾ ಬರಿನೆಲ. ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಿ ಆಮೇಲೆ ಜೇನುಪೆಟ್ಟಿಗೆ ತರುವುದು ತಲೆಕೆಳಗಾದ ಕೆಲಸ. ಎರಡು ಮಾರು ನೆಲ ಬರಿದಾಗಿ ಬಿಟ್ಟರೆ ಖರ್ಚೇ ಇಲ್ಲ.

"ಗುಬ್ಬಿ ಹೋದದ್ದು ಮೊಬೈಲ್ ಟವರಿನಿಂದ"

ಟವರಿನ ಮೇಲೆ ಹೊರಿಸಲು ಗಟ್ಟಿ ಪುರಾವೆ ಇಲ್ಲ. ಹೊರಿಸಿದರೆ ಅನುಕೂಲ ಮಾತ್ರ ಇದೆ, ನಾವು ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ. 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ಗುಬ್ಬಿ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ, ಇಳಿದಿರುವುದು ಮಹಾನಗರಗಳಲ್ಲಿ. ಗುಬ್ಬಿ ಮರಿಗೆ ಮೊದಲ ದಿನಗಳಲ್ಲಿ ಕಾಳು ಆಗದು, ಹುಳವೇ ಬೇಕು. ಮಾಳಿಗೆಯ ಸಂದು, ಹೆಂಚಿನ ಸೂರು ಹೋಗಿ ಆರ್‌ಸಿಸಿ ಬಂದ ಮೇಲೆ ಗೂಡಿಗೂ ಜಾಗವಿಲ್ಲ. ಒಂದೂಕಾಲು ಇಂಚಿನ ತೂತಿರುವ ಮರದ ಪೆಟ್ಟಿಗೆಯನ್ನು ಬೆಕ್ಕಿಗೆ ಎಟುಕದಂತೆ ನೆರಳಲ್ಲಿ ಕಟ್ಟಿದರೆ ಗೂಡಿಗೆ ಸಾಕು.

ಆ ವರದಿ ತಯಾರಾದದ್ದು 15,500ಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ತಮ್ಮ ಮನೆ, ಕೆರೆ, ಗದ್ದೆ ಸುತ್ತ ನೋಡಿ ಬರೆದಿಟ್ಟ ಸುಮಾರು ಒಂದು ಕೋಟಿ ದಾಖಲೆಗಳಿಂದ. ಒಬ್ಬರಿಂದ ಏನಾಗ್ತತಿ ಎನ್ನುವವರಿಗೆ ಇದೊಂದು ಉತ್ತರ. ಇನ್ನೊಂದು ಉತ್ತರ ಹಿತ್ತಲಿನ ಅಳತೆಯಲ್ಲೇ ಇದೆ. ಸಣ್ಣ ಒಂಟಿ ಜೇನು ಗೂಡಿನಿಂದ ಕೆಲವೇ ನೂರು ಮೀಟರು ಹಾರುತ್ತದೆ. ನಿಂಬೆ ಚಿಟ್ಟೆಯ ಮರಿ ಒಂದೇ ಗಿಡದಲ್ಲಿ ಬಾಲ್ಯ ಕಳೆಯುತ್ತದೆ. ಒಂದು ಕೇರಿಯ ನಾಲ್ಕಾರು ಮನೆಯವರು ಎಣ್ಣೆ ಹೊಡೆಯುವುದು ಬಿಟ್ಟರೆ ಅವಕ್ಕೆ ಅದೇ ಒಂದು ದೇಶ.

ಆದರೆ ಹಿತ್ತಲಿಂದಲೇ ಎಲ್ಲ ಆಗುತ್ತದೆ ಎಂಬುದೂ ತಪ್ಪು ಕಲ್ಪನೆಯೇ. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿಗೆ ಬೇಕಾದದ್ದು ಕಾಡು, ನಮ್ಮ ಕರಿಬೇವಲ್ಲ. ಸೂಳೆಕೆರೆಯ ಹೂಳು, ಹೊನ್ನಾಳಿಯಲ್ಲಿ ತುಂಗಭದ್ರೆ ಸೇರುವ ಕೊಳೆ ಇವಕ್ಕೆ ತುಳಸಿಕಟ್ಟೆ ಮದ್ದಾಗದು. ಅದು ಸರ್ಕಾರದ, ಪಂಚಾಯಿತಿಯ ಕೆಲಸ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಹಕ್ಕಿ, ಪ್ರಾಣಿಗಳ ದಾಖಲಾತಿ ಪುಸ್ತಕ ಇರಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ಆ ಪುಸ್ತಕ ತೋರಿಸಿ ಎಂದು ಕೇಳಿ.